ಅಜ್ಜಿಯ ಬೂರುಗದ ದಿಂಬು

ಕಿವಿ ಇತ್ತ ಕೊಡಿ. ಹೂಂ ಅನ್ನುತ್ತಿರಿ. ನೀವು ಹೂಂ ಅನ್ನದಿದ್ದರೆ ಕತೆ ಮುಂದಕ್ಕೆ ಹೋಗಲ್ಲ.

ಒಂದೂರಲ್ಲಿ ಒಬ್ಬಳು ಅಜ್ಜಿ. ಪುಟ್ಟಮಾದಮ್ಮ ಅಂತ ಹೆಸರು. ಅಜ್ಜಿಗೆ ಒಬ್ಬಳು ಮೊಮ್ಮಗಳು. ಚಿಕ್ಕತಾಯಿ ಅಂತ ಹೆಸರು. ಅಜ್ಜಿಗೆ ಒಂದು ದಿಂಬು. ಬೂರುಗದ ಹತ್ತಿಯ ದಿಂಬು. ಬೆಣ್ಣೆಯಂಥ ದಿಂಬು. ತಲೆ ಇಟ್ಟರೆ ಸಾಕು, ಗೊರ್ ಗೊರ್ ಗೊರಕೆ!

ಒಂದು ದಿನ ಅಜ್ಜಿ ದಿಂಬನ್ನು ಬಿಸಿಲಿಗೆ ಹಾಕಿದಳು. ಧೂಳು ಹೋಗಲಿ ಅಂತ ದಬ ದಬ ಬಡಿದಳು. ಪರ್ರ್! ಹೊಲಿಗೆ ಬಿಟ್ಟಿತು. ಹತ್ತಿ ಹಾರಿತು. ದಿಂಬು ಹೋಯಿತು.

ಅಜ್ಜಿ ಕಂಬಳಿ ಮಡಿಸಿ ತಲೆಗಿಟ್ಟಳು. ಕೆನ್ನೆಗೆ ಚುಚ್ಚಿತು. ಸೀರೆ ಸುತ್ತಿ ತಲೆಗಿಟ್ಟಳು. ಪುಸಕ್ಕನೆ ಕುಸಿಯಿತು. ಮಣೆ ತಂದು ತಲೆಗಿಟ್ಟಳು. ಕತ್ತು ಹಿಡಿದುಕೊಂಡಿತು.

ಒಂದು ದಿನ ನಿದ್ದೆ ಇಲ್ಲ. ಎರಡು ದಿನ ನಿದ್ದೆ ಇಲ್ಲ. ಮೂರು ದಿನ ನಿದ್ದೆ ಇಲ್ಲ. ಅಜ್ಜಿ ಸಾರಿಗೆ ಬೆಲ್ಲ ಹಾಕಿದಳು. ಹಾಲಿಗೆ ಉಪ್ಪು ಹಾಕಿದಳು. ನಾಲ್ಕನೇ ದಿನ ಬೆಳಿಗ್ಗೆ ಹೊಸಿಲು ಎಡವಿ ಮುಗ್ಗರಿಸಿದಳು. ಸದ್ಯ, ಬಾಗಿಲು ಹಿಡಿದುಕೊಂಡಳು!

ಚಿಕ್ಕತಾಯಿ ಓಡಿ ಬಂದು ಅಜ್ಜಿಯ ಕೈ ಹಿಡಿದಳು.

"ಅಜ್ಜೀ, ನೀನು ಕೂತ್ಕೋ. ಏಳಬೇಡ. ನಾನು ದಿಂಬು ಹೊಲಿಸ್ಕೊಂಡು ಬರ್ತೀನಿ."

ಹತ್ತಿಯನ್ನೆಲ್ಲ ಆರಿಸಿ ಮಡಿಲಿಗೆ ತುಂಬಿದಳು. ಹೊರಟಳು.

ದಿಂಬು ಬಗಲಲ್ಲಿ, ಹತ್ತಿ ಮಡಿಲಲ್ಲಿ, ಚಿಕ್ಕತಾಯಿ ಬೀದಿಯಲ್ಲಿ.

ದರ್ಜಿ ಜವರಣ್ಣ ಅಂಗಡಿಯಲ್ಲಿ ಕೂತಿದ್ದ.

"ಜವರಣ್ಣ, ಜವರಣ್ಣ, ದಿಂಬು ಹೊಲಿದುಕೊಡು. ದಿಂಬು ಇಲ್ಲದೆ ನಮ್ಮಜ್ಜಿಗೆ ನಿದ್ದೆ ಬರಲ್ಲ."

"ಹೊಲಿಯಲ್ಲ ಮಗಾ," ಅಂದ ಜವರಣ್ಣ. "ನೋಡು, ಬೆರಳೆಲ್ಲ ಸೆಟೆದುಕೊಂಡಿದೆ. ಸೂಜಿ ನಿಲ್ಲಲ್ಲ. ಬೆಚ್ಚಗೆ ಎಳ್ಳೆಣ್ಣೆ ತಿಕ್ಕಬೇಕು. ಎಣ್ಣೆ ತಾ, ಹೊಲೀತೀನಿ."

ಚಿಕ್ಕತಾಯಿ ಅಳಲಿಲ್ಲ. ಮುಖ ಊದಿಸಲಿಲ್ಲ. ಎಣ್ಣೆ ತಾನೇ? ತರೋಣ!

ದಿಂಬು ಬಗಲಲ್ಲಿ, ಹತ್ತಿ ಮಡಿಲಲ್ಲಿ, ಚಿಕ್ಕತಾಯಿ ಬೀದಿಯಲ್ಲಿ.

ಗಾಣದ ಮನೆಯಲ್ಲಿ ನಿಂಗಶೆಟ್ಟಿ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಶೆಟ್ಟಿ ಮಾವ, ಶೆಟ್ಟಿ ಮಾವ, ಎಣ್ಣೆ ಕೊಡು. ಎಣ್ಣೆ ಇಲ್ಲದೆ ಜವರಣ್ಣ ದಿಂಬು ಹೊಲಿಯಲ್ಲ. ದಿಂಬು ಇಲ್ಲದೆ ನಮ್ಮಜ್ಜಿಗೆ ನಿದ್ದೆ ಬರಲ್ಲ."

"ಎಲ್ಲಿಂದ ಕೊಡಲಿ ಕಣವ್ವ?" ಅಂದ ಶೆಟ್ಟಿ. "ಎಳ್ಳು ಗಾಣದಲ್ಲಿ ಹಾಗೇ ಇದೆ. ಎತ್ತು ಹೆಜ್ಜೆ ಕಿತ್ತಿಡಲ್ಲ. ಅದನ್ನೇ ಕೇಳು."

ಚಿಕ್ಕತಾಯಿ ಎತ್ತಿನ ಹತ್ತಿರ ಹೋದಳು. ಕತ್ತಿನಡಿ ಜೋಲುವ ಗಂಗೆದೊಗಲು ಸವರಿದಳು.

"ಬಸವಣ್ಣ, ಬಸವಣ್ಣ, ಗಾಣ ತಿರುಗಿಸು. ಗಾಣ ತಿರುಗದೆ ಶೆಟ್ಟಿ ಮಾವ ಎಣ್ಣೆ ಕೊಡಲ್ಲ. ಎಣ್ಣೆ ಇಲ್ಲದೆ ಜವರಣ್ಣ ದಿಂಬು ಹೊಲಿಯಲ್ಲ. ದಿಂಬು ಇಲ್ಲದೆ ನಮ್ಮಜ್ಜಿಗೆ ನಿದ್ದೆ ಬರಲ್ಲ."

"ತಿರುಗಿಸಲ್ಲ," ಅಂತು ಎತ್ತು. "ಕೊಟ್ಟಿಗೆ ತುಂಬ ಸೊಳ್ಳೆ. ರೆಪ್ಪೆ ಮುಚ್ಚೋಕೆ ಬಿಡಲ್ಲ. ಬೇವಿನ ಸೊಪ್ಪಿನ ಹೊಗೆ ಹಾಕಿಸು. ಒಂದು ಕೋಳಿನಿದ್ದೆ ತೆಗೆದು ಆಮೇಲೆ ತಿರುಗಿಸ್ತೀನಿ."

ದಿಂಬು ಬಗಲಲ್ಲಿ, ಹತ್ತಿ ಮಡಿಲಲ್ಲಿ, ಚಿಕ್ಕತಾಯಿ ಬೀದಿಯಲ್ಲಿ.

ಊರ ಬಾಗಿಲಲ್ಲಿ ಬೇವಿನ ಮರ. ಎಲೆಯೆಲ್ಲ ಜೋತುಬಿದ್ದಿತ್ತು.

"ಬೇವಿನಮ್ಮ, ಬೇವಿನಮ್ಮ, ಸೊಪ್ಪು ಕೊಡು. ಸೊಪ್ಪು ಇಲ್ಲದೆ ಬಸವಣ್ಣ ಗಾಣ ತಿರುಗಿಸಲ್ಲ. ಗಾಣ ತಿರುಗದೆ ಶೆಟ್ಟಿ ಮಾವ ಎಣ್ಣೆ ಕೊಡಲ್ಲ. ಎಣ್ಣೆ ಇಲ್ಲದೆ ಜವರಣ್ಣ ದಿಂಬು ಹೊಲಿಯಲ್ಲ. ದಿಂಬು ಇಲ್ಲದೆ ನಮ್ಮಜ್ಜಿಗೆ ನಿದ್ದೆ ಬರಲ್ಲ."

"ಕೊಡಲ್ಲ ಮಗಳೇ," ಅಂತು ಬೇವು. "ಬೇರು ಒಣಗಿ ಬಾಯಾರಿಕೆ. ಒಂದು ಬಿಂದಿಗೆ ನೀರು ಹುಯ್ಯಿ, ಕೊಡ್ತೀನಿ."

ದಿಂಬು ಬಗಲಲ್ಲಿ, ಹತ್ತಿ ಮಡಿಲಲ್ಲಿ, ಚಿಕ್ಕತಾಯಿ ಬೀದಿಯಲ್ಲಿ.

ಬಾವಿ ಹತ್ತಿರ ಹೆಂಗಸರು ಖಾಲಿ ಬಿಂದಿಗೆ ಹಿಡಿದು ನಿಂತಿದ್ದರು.

"ಬಾವಿತಾಯಿ, ಬಾವಿತಾಯಿ, ನೀರು ಕೊಡು. ನೀರು ಇಲ್ಲದೆ ಬೇವಿನಮ್ಮ ಸೊಪ್ಪು ಕೊಡಲ್ಲ. ಸೊಪ್ಪು ಇಲ್ಲದೆ ಬಸವಣ್ಣ ಗಾಣ ತಿರುಗಿಸಲ್ಲ. ಗಾಣ ತಿರುಗದೆ ಶೆಟ್ಟಿ ಮಾವ ಎಣ್ಣೆ ಕೊಡಲ್ಲ. ಎಣ್ಣೆ ಇಲ್ಲದೆ ಜವರಣ್ಣ ದಿಂಬು ಹೊಲಿಯಲ್ಲ. ದಿಂಬು ಇಲ್ಲದೆ ನಮ್ಮಜ್ಜಿಗೆ ನಿದ್ದೆ ಬರಲ್ಲ."

"ಅಂಚಿಗೆ ಬರಬೇಡ ಕೂಸೇ!" ಅಂತು ಬಾವಿ. "ನೀರು ಬೇಕಾದಷ್ಟಿದೆ. ಹಗ್ಗ ಎಲ್ಲಿ? ಹಳೇ ಹಗ್ಗ ಮೊನ್ನೆ ತುಂಡಾಯ್ತು. ಹಗ್ಗ ತಾ, ಕೊಡ್ತೀನಿ."

ಚಿಕ್ಕತಾಯಿಗೆ ಕಾಲು ನೋಯುತ್ತಿತ್ತು. ಹೊಟ್ಟೆ ಚುರ್ ಅನ್ನುತ್ತಿತ್ತು. ಮನೆಗೆ ಹೋಗಿಬಿಡಲಾ ಅನ್ನಿಸಿತು. ಅಜ್ಜಿ ಎಡವಿದ್ದು ನೆನಪಾಯಿತು. ಊಹೂಂ, ಹೋಗಲ್ಲ!

ದಿಂಬು ಬಗಲಲ್ಲಿ, ಹತ್ತಿ ಮಡಿಲಲ್ಲಿ, ಚಿಕ್ಕತಾಯಿ ಬೀದಿಯಲ್ಲಿ.

ಹಗ್ಗ ಹೊಸೆಯುವ ಸಣ್ಣಕ್ಕನ ಮನೆ. ಒಂದು ಕೈಯಲ್ಲಿ ಕತ್ತಾಳೆ ನಾರು, ಇನ್ನೊಂದು ಕೈಯಲ್ಲಿ ತೊಟ್ಟಿಲು. ತೊಟ್ಟಿಲಲ್ಲಿ ಮಗು. ಮಗುವಿನ ಬಾಯಲ್ಲಿ ಊರು ಕೇಳುವಷ್ಟು ಅಳು.

"ಸಣ್ಣಕ್ಕ, ಸಣ್ಣಕ್ಕ, ಹಗ್ಗ ಹೊಸೆದುಕೊಡು. ಹಗ್ಗ ಇಲ್ಲದೆ ಬಾವಿತಾಯಿ ನೀರು ಕೊಡಲ್ಲ. ನೀರು ಇಲ್ಲದೆ ಬೇವಿನಮ್ಮ ಸೊಪ್ಪು ಕೊಡಲ್ಲ. ಸೊಪ್ಪು ಇಲ್ಲದೆ ಬಸವಣ್ಣ ಗಾಣ ತಿರುಗಿಸಲ್ಲ. ಗಾಣ ತಿರುಗದೆ ಶೆಟ್ಟಿ ಮಾವ ಎಣ್ಣೆ ಕೊಡಲ್ಲ. ಎಣ್ಣೆ ಇಲ್ಲದೆ ಜವರಣ್ಣ ದಿಂಬು ಹೊಲಿಯಲ್ಲ. ದಿಂಬು ಇಲ್ಲದೆ ನಮ್ಮಜ್ಜಿಗೆ ನಿದ್ದೆ ಬರಲ್ಲ."

"ಒಂದೇ ಕೈಯಲ್ಲಿ ಹೇಗೆ ಹೊಸೀಲಿ ಚಿಕ್ಕತಾಯಿ?" ಅಂದಳು ಸಣ್ಣಕ್ಕ. ಅವಳ ಕಣ್ಣೂ ಕೆಂಪಗಿತ್ತು. "ಎರಡು ದಿನದಿಂದ ಮಗು ಮಲಗಿಲ್ಲ. ಇವನು ಮಲಗಿದರೆ ಹೊಸೀತೀನಿ."

ಇನ್ನು ಯಾರ ಹತ್ತಿರ ಹೋಗೋದು? ಮಗುವನ್ನು ಮಲಗಿಸುವವರು ಯಾರು?

ಚಿಕ್ಕತಾಯಿ ದಿಂಬು ಕೆಳಗಿಟ್ಟಳು. ಹತ್ತಿ ಕೆಳಗಿಟ್ಟಳು. ತೊಟ್ಟಿಲು ತೂಗಿದಳು. ಮಗು ವ್ಯಾಂ ಅಂತು. ಜೋ ಜೋ ಅಂದಳು. ಮಗು ವ್ಯಾಂ ವ್ಯಾಂ ಅಂತು. ಗಿಲಕಿ ಆಡಿಸಿದಳು. ಮಗು ವ್ಯಾಂ ವ್ಯಾಂ ವ್ಯಾಂ ಅಂತು.

ಆಗ ಚಿಕ್ಕತಾಯಿ ಸುಮ್ಮನೆ ನಿಂತು ನೋಡಿದಳು. ಮಗುವಿನ ಹೊಟ್ಟೆ ಮುಟ್ಟಿದಳು. ತುಂಬಿತ್ತು. ಹಣೆ ಮುಟ್ಟಿದಳು. ಬಿಸಿ ಇರಲಿಲ್ಲ. ಪಾದ ಮುಟ್ಟಿದಳು.

"ಅಯ್ಯೋ ಅಕ್ಕಾ! ಕಾಲು ತಣ್ಣಗೆ ಕೊರೀತಿದೆ!"

ಅಂಗೈ ಎರಡನ್ನೂ ಸರ ಸರ ಉಜ್ಜಿದಳು. ಬೆಚ್ಚಗಾಯಿತು. ಆ ಪುಟ್ಟ ಪಾದ ಎರಡನ್ನೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ಮತ್ತೆ ಉಜ್ಜಿದಳು, ಮತ್ತೆ ಹಿಡಿದಳು.

ಮಗು ವ್ಯಾಂ ಅನ್ನಲಿಲ್ಲ. ಆ... ಅಂತ ಆಕಳಿಸಿತು. ಕಣ್ಣು ಮುಚ್ಚಿತು.

ಸಣ್ಣಕ್ಕ ಮೂಗಿನ ಮೇಲೆ ಬೆರಳಿಟ್ಟಳು. "ಹೆತ್ತ ನನಗೆ ಹೊಳೀಲಿಲ್ಲ, ನಿನಗೆ ಹೊಳೀತಲ್ಲೇ ತಾಯಿ! ಹೆಸರಿಗೆ ತಕ್ಕ ಹಾಗಿದ್ದೀಯ!" ಮಗುವಿನ ಕಾಲಿಗೆ ಮೆತ್ತನೆ ಬಟ್ಟೆ ಸುತ್ತಿದಳು. ಎರಡೂ ಕೈಯಲ್ಲಿ ನಾರು ಹಿಡಿದಳು.

ಮಗು ಮಲಗಿತು, ಸಣ್ಣಕ್ಕ ಹಗ್ಗ ಹೊಸೆದಳು.

ಹಗ್ಗ ಬಂತು, ಬಾವಿತಾಯಿ ನೀರು ಕೊಟ್ಟಳು. ಹೆಂಗಸರು ನಾ ಮುಂದು ತಾ ಮುಂದು ಅಂತ ಸೇದಿದರು. ಮೊದಲ ಬಿಂದಿಗೆ ಚಿಕ್ಕತಾಯಿಗೇ. ಮರದ ತನಕ ಅವರೇ ಹೊತ್ತು ತಂದರು.

ನೀರು ಬಂತು, ಬೇವಿನಮ್ಮ ಸೊಪ್ಪು ಕೊಟ್ಟಳು. ಗಟ ಗಟ ಕುಡಿದಳು, ಒಂದು ಕೊಂಬೆ ಬಗ್ಗಿಸಿದಳು.

ಸೊಪ್ಪು ಬಂತು, ಶೆಟ್ಟಿ ಮಾವ ಕೆಂಡದ ಮೇಲೆ ಹಾಕಿದ. ಹೊಗೆ ಎದ್ದಿತು. ಸೊಳ್ಳೆ ಓಡಿತು. ಬಸವಣ್ಣ ಒಂದು ಕೋಳಿನಿದ್ದೆ ತೆಗೆದ. ಎದ್ದು ಮೈ ಕೊಡವಿ ಗಾಣ ತಿರುಗಿಸಿದ.

ಗಾಣ ತಿರುಗಿತು, ಶೆಟ್ಟಿ ಮಾವ ಎಣ್ಣೆ ಕೊಟ್ಟ. "ಹಟ ಹಿಡಿದ ಎತ್ತನ್ನೇ ನಡೆಸಿದೆಯಲ್ಲೇ ಗಟ್ಟಿಗಿತ್ತಿ!" ಅಂದ. ಕೈಗೆ ಒಂದು ಚಿಗಳಿ ಉಂಡೆಯನ್ನೂ ಇಟ್ಟ. ಎಳ್ಳು ಬೆಲ್ಲದ ಉಂಡೆ, ಗಮ್ ಅನ್ನುವ ಉಂಡೆ.

ಎಣ್ಣೆ ಬಂತು, ಜವರಣ್ಣ ಇಸ್ತ್ರಿ ಪೆಟ್ಟಿಗೆಯ ಕಾವಿನಲ್ಲಿ ಬೆಚ್ಚಗೆ ಮಾಡಿದ. ಬೆರಳಿಗೆ ತಿಕ್ಕಿದ. ಚಟ್, ಚಟ್, ಚಟ್! ಬೆರಳು ಬಾಗಿತು. ಸೂಜಿ ನಿಂತಿತು. ಹತ್ತಿ ತುಂಬಿ, ಎರಡೆರಡು ಸಾಲು ಹಾಕಿ ದಿಂಬು ಹೊಲಿದ. "ಇನ್ನು ಹತ್ತು ವರ್ಷ ಬಡಿ ಅನ್ನು ನಿಮ್ಮಜ್ಜಿಗೆ, ಬಿಚ್ಚಲ್ಲ!"

ಹತ್ತಿ ದಿಂಬಲ್ಲಿ, ದಿಂಬು ತಲೆ ಮೇಲೆ, ಚಿಕ್ಕತಾಯಿ ಮನೆಯಲ್ಲಿ!

ಅಜ್ಜಿ ದಿಂಬನ್ನು ಮುಟ್ಟಿ ನೋಡಿದಳು. ಮೂಸಿ ನೋಡಿದಳು. ಆಮೇಲೆ ಮೊಮ್ಮಗಳ ಕಾಲು ನೋಡಿದಳು. ಮೊಣಕಾಲಿನ ತನಕ ಕೆಂಪು ಧೂಳು.

"ಎಷ್ಟು ಸುತ್ತಿದೆಯೇ ನನ್ನವ್ವಾ?"

"ಸ್ವಲ್ಪ ಕಣಜ್ಜಿ," ಅಂದಳು ಚಿಕ್ಕತಾಯಿ.

ಅಜ್ಜಿ ಬಿಸಿನೀರು ತಂದು ಆ ಕಾಲು ತೊಳೆದಳು. ಸೆರಗಲ್ಲಿ ಒರೆಸಿದಳು. ಚಾಪೆ ಹಾಸಿದಳು. ದಿಂಬಿನ ಆ ತುದಿಗೆ ಮೊಮ್ಮಗಳ ತಲೆ, ಈ ತುದಿಗೆ ತನ್ನ ತಲೆ.

ಇನ್ನೂ ಬಿಸಿಲಿತ್ತು. ಬೀದಿಯಲ್ಲಿ ಗಾಡಿ ಹೋಗುತ್ತಿತ್ತು. ಕಾಗೆ ಕೂಗುತ್ತಿತ್ತು. ಇಬ್ಬರಿಗೂ ಕೇಳಿಸಲಿಲ್ಲ.

ಗೊರ್... ಅಂದಳು ಅಜ್ಜಿ.

ಗುರ್... ಅಂದಳು ಮೊಮ್ಮಗಳು.

ಅವರ ನಿದ್ದೆ ಅವರಿಗೆ, ನಮ್ಮ ಕತೆ ನಮಗೆ. ಶ್! ಈಗ ಹೂಂ ಅನ್ನಬೇಡಿ, ಎದ್ದುಬಿಟ್ಟಾರು.