ತಡವಾಗಿ ಕೇಳಿದ ದನಿ

"ಗುರುಗಳೇ, ನನ್ನಿಂದ ಒಂದು ತಪ್ಪಾಯಿತು. ಯಾರಿಗೂ ಗೊತ್ತಾಗದಂತೆ ಸರಿಪಡಿಸಿಬಿಟ್ಟೆ. ಇನ್ನು ಅದನ್ನು ಬಾಯಿಬಿಟ್ಟು ಹೇಳಲೇಬೇಕೇ?" ಎಂದು ಶಿಷ್ಯನೊಬ್ಬ ಕೇಳಿದ.

"ಬೇಡ ಎಂದು ನನ್ನಿಂದ ಹೇಳಿಸಿಕೊಳ್ಳಲೆಂದೇ ಬಂದಂತಿದೆ. ಕುಳಿತುಕೋ," ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹಾಡುಗಳ ಧ್ವನಿಮುದ್ರಣ ಮಾಡಿಕೊಡುವವನೊಬ್ಬನಿದ್ದ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಂಪ್ಯೂಟರ್ ಅವನಿಗೆ ಹಿಡಿಸಲಿಲ್ಲ. ಒಂದೊಂದೇ ಭಾಗವನ್ನು ಆರಿಸಿ ತಂದು ತಾನೇ ಒಂದನ್ನು ಜೋಡಿಸಿದ. ಬಳಿಕ ಒಳ್ಳೆಯದೊಂದು ಆಡಿಯೊ ಇಂಟರ್‌ಫೇಸ್ ಕೊಂಡ. ಮೈಕಿಗೆ ಬಿದ್ದ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸಿ, ಹಾಡುವವರ ಕಿವಿಗೂ ಮರಳಿ ಕೊಡುವ ಪೆಟ್ಟಿಗೆ ಅದು. ಎರಡನ್ನೂ ಕೂಡಿಸಿದ. ದೀಪ ಹತ್ತಿತು. ದೀಪ ಹತ್ತಿದ ಮೇಲೆ ಇನ್ನೇನು ಎಂದುಕೊಂಡ, ಹಾಡಿ ನೋಡಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಮೊದಲು ಹಾಡಲು ಬಂದವಳು ವಯಸ್ಸಾದ ಒಬ್ಬ ಹಾಡುಗಾರ್ತಿ. ಪ್ರತಿ ಸೋಮವಾರ ಮಠದಲ್ಲಿ ತತ್ವಪದ ಹಾಡುತ್ತಿದ್ದಳು. ಗಂಡ ಹೋದ ಮೇಲೆ ಆಕೆಯನ್ನು ಎಬ್ಬಿಸಿ ನಿಲ್ಲಿಸಿದ್ದು ಆ ಹಾಡೇ. "ಇದು ನನ್ನ ಕೈಯಾರೆ ಕಟ್ಟಿದ್ದು ಅಮ್ಮಾ. ಇದರಲ್ಲಿ ತಪ್ಪೇ ಬರೋದಿಲ್ಲ," ಎಂದು ಹೇಳಿ ಅವನು ಹೆಡ್‌ಫೋನ್ ತೊಡಿಸಿದ.

ಆಕೆ ಹಾಡಿದಳು. ಆಕೆಯ ದನಿ ಆಕೆಯ ಕಿವಿಗೇ ಕೂದಲೆಳೆಯಷ್ಟು ತಡವಾಗಿ ಬಂತು. ಅದಕ್ಕಾಗಿ ಕಾದಳು, ತಾಳ ಜಾರಿತು. ಮತ್ತೆ ಹಾಡಿದಳು, ಮತ್ತೆ ಜಾರಿತು. ಮೂರನೆಯ ಸಲ ನಡುವೆಯೇ ನಿಲ್ಲಿಸಿ ಕೇಳಿದಳು: "ತಾಳ ತಪ್ತಿದೆ, ಅಲ್ವೇನಪ್ಪಾ? ಹಿಂದೆಂದೂ ನಂಗೆ ಹೀಗಾಗಿರ್ಲಿಲ್ಲ."

ತಪ್ಪು ತನ್ನ ಜೋಡಣೆಯದೆಂದು, ತಾನೂ ಅದೇ ದನಿಯನ್ನು ಕೇಳುತ್ತಿದ್ದ ಅವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಹೇಳಲು ನಾಲಗೆ ಏಳಲಿಲ್ಲ. "ವಯಸ್ಸಾಯ್ತಲ್ಲ ಅಮ್ಮಾ, ದಣಿವಿರಬೇಕು. ಇನ್ನೊಂದು ದಿನ ನೋಡೋಣ," ಎಂದ. ಮಾತೇನೋ ಮೆತ್ತಗಿತ್ತು. ಪಾಪ, ಕೆಟ್ಟವನಲ್ಲ ಅವನು. ನಾಚಿಕೆಗೆ ಹೆದರಿದ. ನಾವೆಲ್ಲ ಹೆದರುತ್ತೇವೆ.

ಆಕೆ ಹೋದ ಮೇಲೆ ಕುಳಿತು ಹುಡುಕಿದ. ದನಿ ಎಷ್ಟು ಹೊತ್ತು ತಡೆದು ದಾಟಬೇಕೆಂದು ಕಂಪ್ಯೂಟರಿಗೆ ಹೇಳುವ ಒಂದು ಅಂಕಿ ದೊಡ್ಡದಾಗಿತ್ತು. ಅದನ್ನು ಇಳಿಸಿದ. ಕಾಲು ಗಂಟೆಯ ಕೆಲಸ.

ಎಂಟು ದಿನ ಬಿಟ್ಟು ಆಕೆಯನ್ನು ಕರೆಯಲು ಮನೆಗೆ ಹೋದ. ಆಕೆ ಮಠದಲ್ಲಿ ಹಾಡುವುದನ್ನೂ ಬಿಟ್ಟಿದ್ದಳು. "ತಪ್ಪು ನಿಮ್ಮದಲ್ಲ ಅಮ್ಮಾ, ನನ್ನ ಯಂತ್ರದ್ದು," ಎಂದು ಕೊನೆಗೂ ಹೇಳಿದ.

ಆಕೆ ಅವನ ತಲೆ ಸವರಿದಳು. "ನಿಂದು ಒಳ್ಳೇ ಮನಸ್ಸು. ಮುದುಕಿ ನೊಂದ್ಕೊಂಡಾಳು ಅಂತ ಹೀಗಂತೀಯ. ಯಂತ್ರದ್ದೇ ಆಗಿದ್ರೆ ನೀನು ಅವತ್ತೇ ಹೇಳ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಂಗೆ ಆ ಮಾತು ಬೇಡಪ್ಪಾ."

ನೆಲ ನಿಜಕ್ಕೂ ಡೊಂಕಾಗಿತ್ತು. ಅದನ್ನು ಆಕೆಗೆ ನಂಬಿಸಲು ಅವನಿಂದ ಕೊನೆತನಕ ಆಗಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಮೆಲ್ಲಗೆ, "ಆದರೆ ನನ್ನ ತಪ್ಪಿನಿಂದ ಯಾರಿಗೂ ಏನೂ ಆಗಿಲ್ಲ, ಗುರುಗಳೇ," ಎಂದ.

ಗುರುಗಳು ಕೇಳಿದರು: "ಅದನ್ನು ತಮ್ಮ ತಪ್ಪೆಂದುಕೊಂಡು ಕುಳಿತವರು ಯಾರೂ ಇಲ್ಲವೆಂದು ವಿಚಾರಿಸಿಕೊಂಡು ಬಂದೆಯಾ?"