ದಿಕ್ಕು ಬದಲಾದ ಕಪಾಟು

ಕೇರಳ ಕರಾವಳಿಯ ಯೆಹೂದಿಗಳ ಮರದ ಪ್ರಾರ್ಥನಾಮಂದಿರವನ್ನು ಬಿಚ್ಚಿ, ಸಂಗ್ರಹಾಲಯದ ಅಂಗಳದಲ್ಲಿ ಮತ್ತೆ ಜೋಡಿಸಿದರು. ಮೈಗೆ ಹೊಸ ಪಾಲಿಶ್ ಬಿದ್ದದ್ದಕ್ಕೆ ಧರ್ಮಗ್ರಂಥದ ಕಪಾಟು ಬೀಗುತ್ತಿತ್ತು. ಉದ್ಘಾಟನೆಯ ಸಂಜೆ ಇಳಿಬಿಸಿಲು ಅದರ ಮುಖಕ್ಕೇ ಬಡಿಯಿತು.

“ಅಯ್ಯೋ, ನನ್ನ ಜಾಗ ಪಡುವಣ ಗೋಡೆ! ಜನ ನನ್ನತ್ತ ತಿರುಗಿದರೆ ಜೆರುಸಲೇಮಿನತ್ತ ತಿರುಗಿದಂತಾಗಬೇಕು. ಮೂಡಣ ಗೋಡೆಗೆ ಯಾಕೆ ನಿಲ್ಲಿಸಿದರು?”

“ಫೋಟೊ ಚೆನ್ನಾಗಿ ಬರಲಿ ಅಂತ,” ಎಂದಿತು ಹೊಸ ವಿದ್ಯುದ್ದೀಪ. “ಪ್ರಾರ್ಥನೆಗೆ ಯಾರು ಬರುತ್ತಾರೆ, ತಾತ?”

ಅಷ್ಟರಲ್ಲಿ ಆ ಕರಾವಳಿಯ ಊರಿನಲ್ಲಿ ಉಳಿದಿದ್ದ ಕೊನೆಯ ಯೆಹೂದಿ, ಮುದುಕ ಪಿನ್ಹಾಸನನ್ನು ಅತಿಥಿಯಾಗಿ ಕರೆತಂದರು. ಅವನು ಸೂರ್ಯನನ್ನು ನೋಡಿದ, ಕಪಾಟನ್ನು ನೋಡಿದ. ಆಮೇಲೆ ಕಪಾಟಿಗೆ ಬೆನ್ನು ಹಾಕಿ ಪ್ರಾರ್ಥನೆ ಶುರುಮಾಡಿದ.

“ಅಜ್ಜಾ, ಕಪಾಟಿನ ಕಡೆ ತಿರುಗಿ!” ಎಂದು ಕೂಗಿದ ಫೋಟೊದವನು.

ಮುನ್ನೂರು ವರ್ಷದಲ್ಲಿ ಮೊದಲ ಸಲ ಪ್ರಾರ್ಥಿಸುವವನ ಬೆನ್ನು ಕಂಡ ಕಪಾಟು, “ತಿರುಗಬೇಡಪ್ಪಾ,” ಎಂದಿತು.