ಹಿಮ ಕೆಮ್ಮಲು ಕಲಿತದ್ದು

ಆಗ ಲೋಕ ಇನ್ನೂ ಹೊಸದು. ಬೆಟ್ಟಗಳ ಮಣ್ಣು ಸರಿಯಾಗಿ ಆರಿರಲಿಲ್ಲ. ಮಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ನದಿಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಸುಮ್ಮನಿದ್ದವಳು ಹಿಮ ಒಬ್ಬಳೇ.

ಬೆಟ್ಟದ ಊರಿನವರಿಗೆ ಅದೇ ಇಷ್ಟ. "ಹಿಮವನ್ನು ನೋಡಿ ಕಲಿಯಿರಿ. ಬಂದದ್ದೂ ಗೊತ್ತಾಗಲ್ಲ, ಕೂತದ್ದೂ ಗೊತ್ತಾಗಲ್ಲ. ಎಂಥ ಒಳ್ಳೆಯ ಹುಡುಗಿ!" ಎಂದು ಮಕ್ಕಳಿಗೆ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೊಗಳುತ್ತಿದ್ದವಳು ಕುರಿ ಕಾಯುವ ಪಾಲ್ಮೊ ಅಜ್ಜಿ. ಪಾಪ, ನಲವತ್ತು ಕುರಿಗಳ ಗದ್ದಲ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಒಂದು ಬೆಳಿಗ್ಗೆ ಈ ಒಳ್ಳೆಯ ಹುಡುಗಿ ಸದ್ದಿಲ್ಲದೆ ಇಳಿಜಾರಿನಿಂದ ಜಾರಿ ಬಂದು ಪಾಲ್ಮೊಳ ಕೊಟ್ಟಿಗೆಯ ಮೇಲೆ ಕೂತುಬಿಟ್ಟಳು! ಪುಣ್ಯಕ್ಕೆ ಕುರಿಗಳು ಹೊರಗಿದ್ದವು. ಒಳಗಿದ್ದದ್ದು ಮುದಿ ಮೇಕೆ ಮಾತ್ರ. ಪಾಲ್ಮೊ ಸಲಿಕೆ ಹಿಡಿದು ಅಗೆದಳು, ಅಗೆದಳು, ಮಧ್ಯಾಹ್ನದವರೆಗೆ ಅಗೆದಳು. ಕೊನೆಗೆ ಮೇಕೆ ಸೀನುತ್ತಾ ಹೊರಬಂತು. ತನ್ನನ್ನು ಕಟ್ಟಿದ ಹಗ್ಗವನ್ನೇ ಅಗಿಯುತ್ತಿತ್ತು.

"ಏನೇ, ಒಂದು ಮಾತು ಹೇಳಿ ಬರಬಾರದಿತ್ತಾ?" ಎಂದು ಪಾಲ್ಮೊ ಗದರಿದಳು.

ಹಿಮ ಅಳುಮೋರೆ ಮಾಡಿ, ಮೊದಲ ಸಲ ಪಿಸುಗುಟ್ಟಿದಳು. "ಹೇಗೆ ಹೇಳಲಿ ಅಜ್ಜಿ? ನನ್ನ ಬೆನ್ನ ಮೇಲೆ ಹೊಸ ಹಿಮ ಏರಿ ಏರಿ ಕೂರುತ್ತೆ. ಕೆಳಗೆ ಕಾಲೆಲ್ಲ ಸಕ್ಕರೆ ಹರಳಿನ ಹಾಗೆ ಪುಡಿಪುಡಿ. ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಆಗದೇ ಹೋದಾಗ ಜಾರಿಬಿಡುತ್ತೇನೆ. ಬಾಯಿಬಿಟ್ಟರೆ ನೀವು ಒಳ್ಳೆಯ ಹುಡುಗಿ ಅನ್ನುತ್ತೀರಾ?"

ಪಾಲ್ಮೊಗೆ ನಾಚಿಕೆಯಾಯಿತು. ಹಾಗೆ ಹೇಳಿ ಹೇಳಿ ಇವಳ ಬಾಯಿ ಕಟ್ಟಿದವಳು ತಾನೇ ಅಲ್ಲವೇ?

"ತಪ್ಪು ನನ್ನದು ಮಗಳೇ," ಎಂದಳು. "ನಮ್ಮ ಮಾವನವರು ಹೊಸ್ತಿಲು ದಾಟುವ ಮೊದಲು ಒಂದು ಸಲ ಕೆಮ್ಮುತ್ತಿದ್ದರು. ನಾವು ಎದ್ದು ದಾರಿ ಬಿಡುತ್ತಿದ್ದೆವು. ನೀನೂ ಹೊರಡುವ ಮೊದಲು ಕೆಮ್ಮು. ಅಷ್ಟು ಸಾಕು."

ಹಿಮ ಕೆಮ್ಮಿದಳು. "ಫುಸ್." ಮೇಕೆ ಬಿದ್ದು ಬಿದ್ದು ನಕ್ಕಿತು.

"ನನ್ನ ಸಿಳ್ಳೆ ತಗೋ," ಎಂದಿತು ಗಾಳಿ. ಹಿಮ ಸಿಳ್ಳೆ ಹಾಕಿದಳು. ಎಲ್ಲರೂ ಗಾಳಿ ಬಂತು ಎಂದುಕೊಂಡರು.

"ನನ್ನ ಮಾತು ತಗೋ," ಎನ್ನಲು ಹೊರಟಿತು ನದಿ. ಚಳಿಗೆ ನಾಲಗೆಯೇ ಹೆಪ್ಪುಗಟ್ಟಿತು.

"ಬೇರೆಯವರ ಗಂಟಲು ನಿನಗ್ಯಾಕೆ?" ಎಂದಳು ಪಾಲ್ಮೊ. "ಹೊಟ್ಟೆಯಲ್ಲಿ ಬಿಗಿಹಿಡಿದ ಉಸಿರಿದೆಯಲ್ಲ, ಅದನ್ನೇ ಒಮ್ಮೆಲೇ ಬಿಡು."

"ಹುಂಫ್!"

ಮೇಕೆ ಹೆದರಿ ಮೂರು ಮಾರು ಹಾರಿತು. ಈಗ ನಗುವ ಸರದಿ ಹಿಮದ್ದು.

ಮರುವರ್ಷದ ಚಳಿಗಾಲದಲ್ಲಿ, ಆಚೆ ಕಣಿವೆಯಲ್ಲಿದ್ದ ಪಾಲ್ಮೊಳ ಮಗಳಿಗೆ ಹೆಣ್ಣುಮಗು ಹುಟ್ಟಿತು. "ಅಮ್ಮ ಬರುವವರೆಗೆ ಹೆಸರಿಡುವುದಿಲ್ಲ," ಎಂದು ಮಗಳು ಹೇಳಿ ಕಳಿಸಿದಳು. ಪಾಲ್ಮೊ ಬೆಣ್ಣೆಯ ಮುದ್ದೆ ಹೊತ್ತು ಹೊರಟಳು. ಜೊತೆಗೆ ಏಳು ಜನ ನೆರೆಹೊರೆಯವರು, ಮುಂದೆ ಡೋಲು ಬಾರಿಸುವ ತಾಶಿ. ಹಾಡೇ ಹಾಡು, ನಗುವೇ ನಗು.

ಇಳಿಜಾರಿಗೆ ಕಾಲಿಟ್ಟರು. ಆಚೆ ಮಗಳ ಮನೆಯ ಹೊಗೆ ಕಾಣುತ್ತಿತ್ತು.

"ಹುಂಫ್!" ಕಾಲ ಕೆಳಗೆ ಹಿಮ ಬೆರಳಷ್ಟು ಕುಸಿಯಿತು.

"ಅಜ್ಜಿಯ ಹೊಟ್ಟೆ ಹಸಿದು ಕೂಗಿತು!" ಎಂದ ತಾಶಿ. ಎಲ್ಲರೂ ನಕ್ಕರು.

ಪಾಲ್ಮೊ ನಗಲಿಲ್ಲ. ಮಗು ಅಲ್ಲೇ ಇದೆ, ಇಳಿಜಾರು ದಾಟಲು ಇನ್ನು ಇನ್ನೂರು ಹೆಜ್ಜೆ. ಅವಳಿಗೆ ಓಡಿಹೋಗಬೇಕು ಅನ್ನಿಸಿತು. ಆದರೆ ಕೆಮ್ಮಲು ಕಲಿಸಿದವಳೇ ಕೇಳಿಸಿಕೊಳ್ಳದಿದ್ದರೆ ಹೇಗೆ?

"ಹಿಂದಕ್ಕೆ!" ಎಂದಳು. "ಒಬ್ಬೊಬ್ಬರಾಗಿ, ಮೆತ್ತಗೆ. ಬೆಟ್ಟದ ನೆತ್ತಿಯ ಏಣಿನ ಮೇಲಿಂದ ಸುತ್ತಿ ಹೋಗೋಣ."

"ಅರ್ಧ ದಿನ ಹೆಚ್ಚಾಗುತ್ತೆ ಅಜ್ಜಿ!" ಎಂದು ಗೊಣಗುತ್ತಲೇ ಎಲ್ಲರೂ ಹತ್ತಿದರು. ಕೊನೆಯವನು ಏಣು ಮುಟ್ಟಿದನೋ ಇಲ್ಲವೋ, ಕೆಳಗೆ ಇಡೀ ಇಳಿಜಾರೇ ಧಡಧಡನೆ ಜಾರಿತು! ಬಿಳಿ ಧೂಳು ಆಕಾಶ ಮುಟ್ಟಿತು. ತಾಶಿ ಬಾಯಿ ತೆರೆದು ನಿಂತ.

"ಶಭಾಷ್ ಮಗಳೇ!" ಎಂದು ಪಾಲ್ಮೊ ಹಿಮದತ್ತ ಕೂಗಿದಳು. ಅಳುತ್ತಾ ನಕ್ಕಳು, ನಗುತ್ತಾ ಅತ್ತಳು.

ಸಂಜೆಗೆ ಮನೆ ಮುಟ್ಟಿದಾಗ ಅಡುಗೆ ತಣ್ಣಗಾಗಿತ್ತು, ಬೆಣ್ಣೆ ಕಲ್ಲಾಗಿತ್ತು. ಮೊಮ್ಮಗಳನ್ನು ಮಡಿಲಿಗೆ ಹಾಕಿದರು. ಅವಳೋ ಮಾಡು ಹಾರಿಹೋಗುವಂತೆ ಕಿರುಚಿದಳು.

"ಶ್! ಸುಮ್ಮನಿರೇ, ಒಳ್ಳೆಯ ಹುಡುಗಿ," ಎಂದರು ಎಲ್ಲರೂ.

"ಸುಮ್ಮನಿರು ಅನ್ನಬೇಡಿ," ಎಂದಳು ಪಾಲ್ಮೊ, ಮಗುವನ್ನು ಎದೆಗೊತ್ತಿಕೊಂಡು. "ಅವಳಿಗೆ ಏನೋ ಹೇಳಬೇಕಾಗಿದೆ. ಹೇಳಲಿ, ಕೇಳೋಣ."

ಹಿಮಕ್ಕೆ ಸಂಕೋಚ ಪೂರ್ತಿ ಹೋಗಿಲ್ಲ, ಕೆಲವು ಸಲ ಕೆಮ್ಮಲು ಮರೆತುಬಿಡುತ್ತಾಳೆ. ಆದರೆ ಇವತ್ತಿಗೂ ಇಳಿಜಾರಿನಲ್ಲಿ ಕಾಲ ಕೆಳಗೆ "ಹುಂಫ್" ಎಂದರೆ ಸಾಕು, ಬೆಟ್ಟದವರು ಮಾತು ನಿಲ್ಲಿಸಿ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಹಿಮಕ್ಕೆ ದಾರಿ ಬಿಡುತ್ತಾರೆ.